ಗ್ರಾಮಸಭೆಗೆ ಹೋಗುವುದೇಕೆ? ಹೋದರೆ ಮಾಡುವುದೇನು?



ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಸಣ್ಣದೆಂದು ಅಲಕ್ಷ್ಯ ಮಾಡಿದ್ದು ಮುಂದೆ ದೊಡ್ಡ ನಷ್ಟಕ್ಕೆ ದಾರಿಯಾಗುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಗ್ರಾಮಸಭೆಯ ವಿಷಯದಲ್ಲಿ ನಮ್ಮ ನಡವಳಿಕೆ ಹೀಗೆಯೇ ಆಗಿದೆ. ಅರ್ಧ ದಿನದ ಕೆಲಸ ಕೆಟ್ಟೀತು ಎಂದು ಸಭೆಗೆ ಹೋಗುವುದಿಲ್ಲ. ಆಮೇಲೆ ತೋಟದ ದಾರಿ ಆಗಲಿಲ್ಲ, ಕೆರೆಯ ಹೂಳು ತೆಗೆಯಲಿಲ್ಲ, ಪಟ್ಟಿಯಲ್ಲಿ ಹೆಸರು ಬರಲಿಲ್ಲ ಎಂದು ವರ್ಷವೆಲ್ಲ ಕೊರಗುತ್ತೇವೆ.

ಈ ಮಾತನ್ನು ಇತರರ ಮೇಲೆ ಹೊರಿಸಿ ಹೇಳುತ್ತಿಲ್ಲ. ಈ ಲೇಖಕನೂ ಅದೇ ಸಾಲಿನಲ್ಲಿ ನಿಂತವನೇ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ದಾರಿಯ ಮೋರಿ ಮಳೆಗೆ ಕೊಚ್ಚಿ ಹೋಯಿತು. ಕೊಯ್ಲಿನ ಕಾಲದಲ್ಲಿ ಗಾಡಿ ಹೋಗದೆ ಗೊನೆಗಳನ್ನು ತಲೆಹೊರೆಯಲ್ಲಿ ಸಾಗಿಸಬೇಕಾಯಿತು. ಪಂಚಾಯಿತಿ ಕಚೇರಿಗೆ ಹೋಗಿ ಕೇಳಿದರೆ, "ಕ್ರಿಯಾಯೋಜನೆ ಆಗಿ ಹೋಯಿತಲ್ಲ ಯಜಮಾನ್ರೇ, ಗ್ರಾಮಸಭೆಗೆ ನೀವ್ಯಾಕೆ ಬರಲಿಲ್ಲ?" ಎಂದರು. ಸಭೆ ನಡೆದದ್ದೇ ಗೊತ್ತಿಲ್ಲ ಎಂದೆ. ಬಾಗಿಲ ಪಕ್ಕದ ಫಲಕ ತೋರಿಸಿದರು. ನೋಟೀಸು ಇನ್ನೂ ಅಲ್ಲೇ ಅಂಟಿಕೊಂಡಿತ್ತು. ಆ ಕಚೇರಿಯ ಮುಂದೆ ವಾರಕ್ಕೆರಡು ಬಾರಿ ಹಾದು ಹೋಗುತ್ತಿದ್ದವನಿಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಆದ್ದರಿಂದ ಗ್ರಾಮಸಭೆ ಎಂದರೇನು, ಅದರಲ್ಲಿ ನಮ್ಮ ಹಕ್ಕೇನು, ಅದನ್ನು ಬಳಸುವ ಬಗೆ ಹೇಗೆ ಎಂಬುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸದಸ್ಯರನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದೆ. ಅಡಿಕೆ ಎಂದರೆ ಮಲೆನಾಡು, ಕರಾವಳಿ ಎಂಬ ಕಾಲ ಹೋಯಿತು. ಬಯಲುಸೀಮೆಯಲ್ಲಿಯೂ ಕೊಳವೆ ಬಾವಿಯನ್ನು ನೆಚ್ಚಿ ಸಸಿ ನೆಟ್ಟವರಿದ್ದಾರೆ. ಇಲ್ಲಿ ಕಾಫಿ ಬೆಳೆಯದಿದ್ದರೂ ಕಾನೂನು ಇಡೀ ರಾಜ್ಯಕ್ಕೆ ಒಂದೇ ಆದ್ದರಿಂದ ಘಟ್ಟದ ಕಾಫಿ ಬೆಳೆಗಾರರಿಗೂ ಈ ಮಾತು ಅನ್ವಯಿಸುತ್ತದೆ.

ಸಂಘದ ಮಹಾಸಭೆ, ಊರಿನ ಗ್ರಾಮಸಭೆ

ಸಹಕಾರ ಸಂಘದ ಸದಸ್ಯರಿಗೆ ಗ್ರಾಮಸಭೆಯನ್ನು ತಿಳಿಸಿ ಹೇಳುವುದು ಸುಲಭ. ನಮ್ಮ ಸಂಘದಲ್ಲಿ ಆಡಳಿತ ಮಂಡಳಿ ಇದೆ, ಅದರ ಮೇಲೆ ಸರ್ವ ಸದಸ್ಯರ ಮಹಾಸಭೆ ಇದೆ. ಮಂಡಳಿ ದಿನನಿತ್ಯದ ಕೆಲಸ ನಡೆಸುತ್ತದೆ. ಲೆಕ್ಕಪತ್ರ ಒಪ್ಪಿಸಬೇಕಾದ್ದು ಮಹಾಸಭೆಗೆ. ಊರಿನ ಮಟ್ಟಿಗೆ ಗ್ರಾಮ ಪಂಚಾಯಿತಿಯೇ ಆಡಳಿತ ಮಂಡಳಿ, ಗ್ರಾಮಸಭೆಯೇ ಮಹಾಸಭೆ. ಭೇದವಿಷ್ಟೆ: ಸಂಘದ ಸದಸ್ಯತ್ವಕ್ಕೆ ಷೇರು ಹಣ ಕಟ್ಟಬೇಕು. ಗ್ರಾಮಸಭೆಯ ಸದಸ್ಯತ್ವಕ್ಕೆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಭಾರತದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಹುಟ್ಟಿತು. ಸಿದ್ದನಗೌಡ ಪಾಟೀಲರು ಅದರ ಮುಂದಾಳು. ಹಡಗಲಿಯವರಿಗೆ ಅದು ತುಂಗಭದ್ರೆಯ ಆಚೆ ದಡದ ನೆರೆಯೂರಿನಂತೆ. ಕೂಡಿ ಕುಳಿತು ಲೆಕ್ಕ ನೋಡುವ ಅಭ್ಯಾಸ ಈ ಸೀಮೆಗೆ ಹೊಸದಲ್ಲವೆಂದು ಇದರಿಂದ ತಿಳಿಯುತ್ತದೆ. ಕೂಡ್ಲಿಗಿಯಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಸ್ಮಾರಕವಿದೆ. ಹಳ್ಳಿಯ ಕೆಲಸವನ್ನು ಹಳ್ಳಿಯವರೇ ನಿರ್ಧರಿಸಬೇಕೆಂದವರ ಅಸ್ಥಿಯನ್ನು ಜೋಪಾನ ಮಾಡಿದ ಸೀಮೆಯಲ್ಲಿ ಗ್ರಾಮಸಭೆಯ ಕುರ್ಚಿಗಳು ಖಾಲಿ ಇರಬಾರದು.

ಕಾನೂನು ಬಂದ ದಾರಿ

ರಾಜ್ಯದಲ್ಲಿ 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ರಚನೆಯಾದವು. 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಆಗಿನ ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸಿದ ಕಾರಣಕ್ಕೆ 'ನೀರ್ ಸಾಬ್' ಎಂದು ಇಂದಿಗೂ ಹಿರಿಯರು ನೆನೆಯುತ್ತಾರೆ. ಮುಂದೆ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದು, ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಅದೇ ವರ್ಷ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಬಂದಿತು. ಈಗ ಅದಕ್ಕೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂದು ಹೆಸರು.

ನಮ್ಮ ತಾಲ್ಲೂಕುಗಳ ಮೇಲಿನ ಕಚೇರಿ ಮಾತ್ರ ಹಲವು ಸಲ ಬದಲಾಗಿದೆ. 1953ರವರೆಗೆ ಈ ಸೀಮೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ಬೇರೆ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಈ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ಕಚೇರಿ ಬಳ್ಳಾರಿಯಲ್ಲಿರಲಿ, ದಾವಣಗೆರೆಯಲ್ಲಿರಲಿ, ಹೊಸಪೇಟೆಯಲ್ಲಿರಲಿ, ಗ್ರಾಮಸಭೆ ಮಾತ್ರ ನಮ್ಮ ಊರಲ್ಲೇ ನಡೆಯಬೇಕು.

ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ

ಅನೇಕರು ಗ್ರಾಮಸಭೆಗೆ ಬಂದು ನೇರವಾಗಿ ಬೇಡಿಕೆ ಇಡುತ್ತಾರೆ. ಅಷ್ಟು ಹೊತ್ತಿಗೆ ಪಟ್ಟಿ ಸಿದ್ಧವಾಗಿರುತ್ತದೆ. ಕಾನೂನಿನ ಕ್ರಮ ಕೆಳಗಿನಿಂದ ಮೇಲಕ್ಕೆ. ಕೆಳಗೆ ವಾರ್ಡ್ ಸಭೆ, ಅದರ ಮೇಲೆ ಗ್ರಾಮಸಭೆ. ವಾರ್ಡ್ ಸಭೆಯಲ್ಲಿ ಆ ವಾರ್ಡಿನ ಕೆಲಸಗಳು ಯಾವುವು, ಯಾವುದು ಮೊದಲು, ಯಾವುದು ನಂತರ, ಸೌಲಭ್ಯಕ್ಕೆ ಅರ್ಹರು ಯಾರು ಎಂಬುದು ತೀರ್ಮಾನವಾಗಬೇಕು. ಎಲ್ಲ ವಾರ್ಡುಗಳ ಪಟ್ಟಿಗಳು ಗ್ರಾಮಸಭೆಗೆ ಬಂದು, ಅಲ್ಲಿ ಚರ್ಚೆಯಾಗಿ, ಪಂಚಾಯಿತಿಯ ವಾರ್ಷಿಕ ಯೋಜನೆಯಾಗುತ್ತವೆ. 'ನಮ್ಮ ಗ್ರಾಮ ನಮ್ಮ ಯೋಜನೆ' ಎಂಬ ಹೆಸರನ್ನು ನೀವು ಕೇಳಿರಬಹುದು. ಅದು ಈ ಕ್ರಮವೇ.

ಎರಡೂ ಸಭೆಗಳು ಕನಿಷ್ಠ 6 ತಿಂಗಳಿಗೊಮ್ಮೆ ಸೇರಬೇಕು. ವಾರ್ಡ್ ಸಭೆಗೆ ವಾರ್ಡಿನ ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹಾಜರಿ ಇರಬೇಕು. ಗ್ರಾಮಸಭೆಗೆ ಹತ್ತನೆಯ ಒಂದು ಭಾಗ ಅಥವಾ 100 ಜನ, ಇದರಲ್ಲಿಯೂ ಕಡಿಮೆ ಇರುವುದೇ ಲೆಕ್ಕ. ಇದಕ್ಕೆ ಕೋರಂ ಎನ್ನುತ್ತಾರೆ. ಬಂದವರಲ್ಲಿ ಶೇಕಡಾ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕೆಂಬ ನಿಯಮವೂ ಇದೆ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಪಂಚಾಯಿತಿಯಲ್ಲಿ 4,000 ಮತದಾರರು, ಅದರ ಒಂದು ವಾರ್ಡಿನಲ್ಲಿ 800 ಮತದಾರರು ಎಂದಿಟ್ಟುಕೊಳ್ಳಿ. ವಾರ್ಡಿನ ಹತ್ತನೆಯ ಭಾಗ 80. ಅದಕ್ಕಿಂತ 20 ಕಡಿಮೆ, ಆದ್ದರಿಂದ 20 ಜನ ಸಾಕು. ಅಂದರೆ 800 ಮತದಾರರ ಪರವಾಗಿ 20 ಜನ ಕುಳಿತು ವರ್ಷದ ಕೆಲಸವನ್ನು ನಿರ್ಧರಿಸಬಹುದು. ಆ 20ರಲ್ಲಿ ತೋಟದವರು ಒಬ್ಬರೂ ಇಲ್ಲದಿದ್ದರೆ ತೋಟದ ದಾರಿಯ ಮಾತು ಎತ್ತುವವರು ಯಾರು? ಅದೇ ಹತ್ತು ಮಂದಿ ಬೆಳೆಗಾರರು ಕೂಡಿ ಹೋದರೆ ಸಭೆಯ ಅರ್ಧ ಬಲ ಅವರದೇ. ಸಣ್ಣ ಹಿಡುವಳಿದಾರನ ಶಕ್ತಿ ಇರುವುದು ಇಲ್ಲಿ. ವಿಧಾನಸಭೆಯ ಚುನಾವಣೆಯಲ್ಲಿ ನಮ್ಮ ಮತ ಲಕ್ಷದಲ್ಲಿ ಒಂದು, ವಾರ್ಡ್ ಸಭೆಯಲ್ಲಿ ಇಪ್ಪತ್ತರಲ್ಲಿ ಒಂದು.

ತುರ್ತು ವಿಷಯಕ್ಕೆ ವಿಶೇಷ ಗ್ರಾಮಸಭೆ ಕೇಳುವ ಹಕ್ಕೂ ಇದೆ. ಅದಕ್ಕೆ ಸದಸ್ಯರಲ್ಲಿ ಶೇಕಡಾ 10ರಷ್ಟು ಜನ ವಿಷಯವನ್ನು ಬರೆದು ಕೇಳಬೇಕು. ಮೇಲಿನ ಲೆಕ್ಕದಲ್ಲಿ ಅದು 400 ಸಹಿ. ಕಷ್ಟದ ಕೆಲಸ. ಸಾಮಾನ್ಯ ಸಭೆಯನ್ನೇ ತಪ್ಪದೆ ಬಳಸಿಕೊಂಡರೆ ಆ ಶ್ರಮ ಬೇಕಾಗುವುದಿಲ್ಲ.

ಯಾವ ಕೆಲಸ ಕೇಳಬಹುದು?

ಅಡಿಕೆಯ ಧಾರಣೆ ಕುಸಿಯಿತು, ಸಾಲ ಮನ್ನಾ ಆಗಲಿ ಎಂದು ಗ್ರಾಮಸಭೆಯಲ್ಲಿ ಗಂಟೆಗಟ್ಟಲೆ ಮಾತಾಡಿದರೆ ಫಲ ಕಡಿಮೆ. ಅವು ಪಂಚಾಯಿತಿಯ ಕೈಯಲ್ಲಿಲ್ಲ. ನಿರ್ಣಯ ಮಾಡಿ ಸರ್ಕಾರಕ್ಕೆ ಕಳುಹಿಸಬಹುದು, ಅಷ್ಟೆ. ಪಂಚಾಯಿತಿಯ ಕೈಯಲ್ಲಿರುವ, ಬೆಳೆಗಾರನಿಗೆ ಬೇಕಾದ ಕೆಲಸಗಳು ಬೇರೆ ಇವೆ.

1. ನೀರು. ನಮ್ಮ ಐದೂ ತಾಲ್ಲೂಕುಗಳಲ್ಲಿ ಅಡಿಕೆ ನಿಂತಿರುವುದು ಅಂತರ್ಜಲದ ಮೇಲೆ. ಒಬ್ಬರ ಕೊಳವೆ ಬಾವಿ ಬತ್ತಿದರೆ ಪಕ್ಕದವರು ಇನ್ನೂ ಆಳ ಕೊರೆಸುತ್ತಾರೆ. ಕೊನೆಗೆ ಇಬ್ಬರದೂ ಬತ್ತುತ್ತದೆ. ಗೋಕಟ್ಟೆ, ಚೆಕ್ ಡ್ಯಾಮು, ಹಳ್ಳಕ್ಕೆ ಒಡ್ಡು, ಕೆರೆಯ ಹೂಳು ತೆಗೆಯುವುದು ಇವು ಒಬ್ಬ ರೈತನಿಂದ ಆಗುವ ಕೆಲಸವಲ್ಲ, ಊರಿನ ಕೆಲಸ. ಆದರೆ ಕೆರೆ ಯಾರ ವಶದಲ್ಲಿದೆ ಎಂದು ಮೊದಲು ತಿಳಿಯಬೇಕು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು. ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ಪಾಲಿನವು. ಚಿಕ್ಕ ಕೆರೆಯಾದರೆ ಕೆಲಸವನ್ನೇ ಕೇಳಿ. ದೊಡ್ಡದಾದರೆ ಇಲಾಖೆಗೆ ಕಳುಹಿಸಲು ನಿರ್ಣಯ ಕೇಳಿ.

2. ದಾರಿ ಮತ್ತು ಮೋರಿ. ಹತ್ತು ತೋಟಗಳಿಗೆ ಹೋಗುವ ಸಾರ್ವಜನಿಕ ದಾರಿಗೆ ಮಣ್ಣು, ಜಲ್ಲಿ, ಮೋರಿ ಕೇಳಬಹುದು. ಖಾಸಗಿ ಜಮೀನಿನ ದಾರಿ ವ್ಯಾಜ್ಯವನ್ನು ಇಲ್ಲಿ ತರಬೇಡಿ. ಅದರ ಜಾಗ ತಹಶೀಲ್ದಾರರ ಕಚೇರಿ ಅಥವಾ ನ್ಯಾಯಾಲಯ.

3. ಉದ್ಯೋಗ ಖಾತರಿಯ ಕೆಲಸ. 2005ರ ಉದ್ಯೋಗ ಖಾತರಿ ಕಾಯಿದೆಯಡಿ ಕಾಮಗಾರಿಗಳ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಬೇಕಿತ್ತು, ಅದರ ಸಾಮಾಜಿಕ ಪರಿಶೋಧನೆಯೂ ಗ್ರಾಮಸಭೆಯದೇ ಆಗಿತ್ತು. ಸಣ್ಣ ಮತ್ತು ಅತಿ ಸಣ್ಣ ರೈತರು ತಮ್ಮ ಜಮೀನಿನಲ್ಲಿ ಬದು, ಕೃಷಿ ಹೊಂಡ, ತೋಟದ ಗುಂಡಿ ಮಾಡಿಸಿಕೊಂಡದ್ದು ಈ ದಾರಿಯಿಂದಲೇ. ಆ ಕಾಯಿದೆಯ ಜಾಗದಲ್ಲಿ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ಹೊಸದರಲ್ಲಿಯೂ ಕೆಲಸಗಳ ಪಟ್ಟಿ ಗ್ರಾಮ ಪಂಚಾಯಿತಿಯ ಯೋಜನೆಯಿಂದಲೇ ಹೊರಡಬೇಕು. ಯಾವ ಕೆಲಸಕ್ಕೆ ಈಗ ಅವಕಾಶವಿದೆ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಲ್ಲಿ ಕೇಳಿಕೊಂಡು ಅರ್ಜಿ ಹಾಕಿರಿ.

4. ಮಳೆ ಮಾಪಕ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಯನ್ನು ಸೇರಿಸಿರುವ ಕಡೆ ಪರಿಹಾರದ ಲೆಕ್ಕ ಆ ಪಂಚಾಯಿತಿಯ ಹವಾಮಾನದ ಅಂಕಿಗಳ ಮೇಲೆ ನಿಂತಿದೆ. ಯಂತ್ರ ಕೆಟ್ಟಿದ್ದರೆ, ಅದರ ಮೇಲೆ ಮರದ ಕೊಂಬೆ ಬಾಗಿದ್ದರೆ, ಕಂತು ಕಟ್ಟಿದವರೆಲ್ಲರಿಗೂ ನಷ್ಟ. "ಮಾಪಕವನ್ನು ಪರೀಕ್ಷಿಸಿ ಸರಿಪಡಿಸಬೇಕು" ಎಂಬ ಒಂದು ಸಾಲಿನ ನಿರ್ಣಯಕ್ಕೆ ಕಾಸಿನ ಖರ್ಚಿಲ್ಲ.

5. ಫಲಾನುಭವಿಗಳ ಪಟ್ಟಿ. ಮನೆ ಮೊದಲಾದ ಸೌಲಭ್ಯಗಳಿಗೆ ಹೆಸರುಗಳ ಆಯ್ಕೆ ಆಗಬೇಕಾದ್ದು ಸಭೆಯಲ್ಲಿ. ಪಟ್ಟಿಯನ್ನು ಗಟ್ಟಿಯಾಗಿ ಓದಿಸಿರಿ. ನಮ್ಮ ತೋಟದಲ್ಲಿ ದುಡಿಯುವ ಕೂಲಿಕಾರರ ಹೆಸರು ಅದರಲ್ಲಿ ಇದೆಯೇ ನೋಡುವುದು ನಮ್ಮ ಧರ್ಮ.

ಸಭೆಗೆ ಮುಂಚೆ

ಅಳದ ಮಗುವಿಗೆ ಹಾಲಿಲ್ಲ ಎನ್ನುವುದು ನಿಜ. ಬರಿದೇ ಅತ್ತರೂ ಆಗದು. ಕೆಲಸ ಸಾಗುವುದು ಕಾಗದದಿಂದ. ಆದ್ದರಿಂದ ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಮಕ್ಕಳ ಓದಿಗೆಂದು ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಮನೆ ಮಾಡಿ, ಹೆಸರನ್ನು ಪೇಟೆಗೆ ವರ್ಗಾಯಿಸಿಕೊಂಡವರು ಹಳ್ಳಿಯ ಗ್ರಾಮಸಭೆಯ ಸದಸ್ಯರಲ್ಲ. ಜಮೀನಿದ್ದ ಮಾತ್ರಕ್ಕೆ ಸದಸ್ಯತ್ವ ಬರುವುದಿಲ್ಲ. ಅಂಥವರು ಲಿಖಿತ ಅರ್ಜಿ ಕೊಡಬಹುದು, ಊರಿನಲ್ಲಿರುವ ಅಣ್ಣತಮ್ಮಂದಿರ ಮೂಲಕ ವಿಷಯ ಎತ್ತಿಸಬಹುದು.

ಅರ್ಜಿ ಚಿಕ್ಕದಿರಲಿ. ಎಲ್ಲಿ, ಏನು, ಎಷ್ಟು ಜನಕ್ಕೆ, ಏನು ಮಾಡಬೇಕು ಎಂಬ ನಾಲ್ಕು ಮಾತು ಸಾಕು. ಮಾದರಿ ಹೀಗೆ:

"ನಮ್ಮ ವಾರ್ಡಿನ ಊರಮುಂದಿನ ಹಳ್ಳಕ್ಕೆ ಅಡ್ಡಲಾಗಿದ್ದ ಮೋರಿ ಕಳೆದ ಮಳೆಗಾಲದಲ್ಲಿ ಕುಸಿದಿದೆ. ಆಚೆ 22 ಮಂದಿ ರೈತರ ಜಮೀನುಗಳಿಗೆ ಬೇರೆ ದಾರಿಯಿಲ್ಲ. ಶಾಲೆಗೆ ಹೋಗುವ ಮಕ್ಕಳೂ ಇದೇ ದಾರಿಯಲ್ಲಿ ಬರುತ್ತಾರೆ. ಮುಂದಿನ ವರ್ಷದ ಯೋಜನೆಯಲ್ಲಿ ಹೊಸ ಮೋರಿಯನ್ನು ಮೊದಲ ಕೆಲಸವಾಗಿ ಸೇರಿಸಬೇಕೆಂದು ಕೋರುತ್ತೇವೆ."

ಕೆಳಗೆ ಫಲ ಪಡೆಯುವವರೆಲ್ಲರ ಸಹಿ ಇರಲಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದಂತೆ.

ಸಭೆಯಲ್ಲಿ

ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರೂ, ಗ್ರಾಮಸಭೆಗೆ ಪಂಚಾಯಿತಿ ಅಧ್ಯಕ್ಷರೂ ಅಧ್ಯಕ್ಷತೆ ವಹಿಸುತ್ತಾರೆ. ಪಂಚಾಯಿತಿಯ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲಿಯೂ ನಮ್ಮ ಬೇಡಿಕೆ, ನಮ್ಮ ಪ್ರಶ್ನೆ ನಿಲ್ಲಬಾರದು. ಸದಸ್ಯರಿಲ್ಲದ ಕಾಲದಲ್ಲಿಯೇ ಜನರ ಹಾಜರಿ ಹೆಚ್ಚು ಬೇಕು.

ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಒಂದು ಎಚ್ಚರ. ಸಭೆಯ ದಿನ, ಸಭೆಯ ಜಾಗದಲ್ಲಿ ಮಾತ್ರ ಸಹಿ ಮಾಡಿ. ಮನೆ ಬಾಗಿಲಿಗೆ ಪುಸ್ತಕ ತಂದು, "ಒಂದು ಸಹಿ ಹಾಕಿ ಗೌಡ್ರೇ, ಕೋರಂ ಆಗಬೇಕು" ಎಂದರೆ ನಯವಾಗಿ ಬೇಡವೆನ್ನಿ. ಆ ಒಂದು ಸಹಿಯಿಂದ ನೀವು ಕಾಣದ ಪಟ್ಟಿಗೆ ನೀವೇ ಒಪ್ಪಿಗೆ ಕೊಟ್ಟಂತಾಗುತ್ತದೆ.

ಸಭೆಯ ಮೊದಲಲ್ಲಿ ಹಿಂದಿನ ಸಭೆಯ ನಡವಳಿ ಓದಬೇಕೆಂದು ಕೇಳಿ. ಹೋದ ವರ್ಷ ಬರೆದದ್ದರಲ್ಲಿ ಎಷ್ಟು ಆಯಿತು, ಆಗದಿದ್ದರೆ ಕಾರಣವೇನು ಎಂಬ ಪ್ರಶ್ನೆಯಷ್ಟು ಪರಿಣಾಮದ ಪ್ರಶ್ನೆ ಇನ್ನೊಂದಿಲ್ಲ. ಮಾತು ಎರಡು ನಿಮಿಷದಲ್ಲಿ ಮುಗಿಯಲಿ. ಹಳೆಯ ಜಗಳ, ಪಕ್ಷದ ಮಾತು ಬೇಡ. ಗ್ರಾಮ ಪಂಚಾಯಿತಿ ಚುನಾವಣೆಯೇ ಪಕ್ಷದ ಚಿಹ್ನೆಯಿಲ್ಲದೆ ನಡೆಯುವಂಥದು. ಕೊನೆಗೆ, "ನಮ್ಮ ವಿಷಯ ನಡವಳಿಯಲ್ಲಿ ಬರೆದಿರಾ? ಓದಿ ಹೇಳಿ" ಎಂದು ಕೇಳದೆ ಏಳಬೇಡಿ. ಬಾಯಿಮಾತಿನ ಭರವಸೆ ಗಾಳಿಗೆ ಹೋಗುತ್ತದೆ, ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ.

ಮಹಿಳಾ ಸದಸ್ಯರಲ್ಲಿ ಒಂದು ಅರಿಕೆ. ಅಡಿಕೆ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸದ ಬಹುಪಾಲು ನಿಮ್ಮದು. ಕುಡಿಯುವ ನೀರು ತಪ್ಪಿದರೆ ಕೊಡ ಹಿಡಿದು ಹೋಗುವವರೂ ನೀವೇ. 1983ರ ಕಾಯಿದೆಯಲ್ಲಿ ಶೇಕಡಾ 25 ಇದ್ದ ಮಹಿಳೆಯರ ಮೀಸಲಾತಿ ಈಗ ಅರ್ಧಕ್ಕೆ ಏರಿದೆ. ಸ್ವಸಹಾಯ ಸಂಘದ ಹತ್ತು ಮಂದಿ ಒಟ್ಟಿಗೆ ಬಂದು ಕುಳಿತರೆ ನಿಮ್ಮ ಮಾತನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಸಭೆಯ ನಂತರ

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಪಂಚಾಯಿತಿಯ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ ಖರ್ಚನ್ನು ಜನರ ಮುಂದಿಡುವ, ಕಾಮಗಾರಿಗಳನ್ನು ಜಾಗಕ್ಕೆ ಹೋಗಿ ನೋಡುವ ಸಂದರ್ಭವದು. ಗ್ರಾಮಸಭೆಯಲ್ಲಿ ಕೇಳಿದ್ದು ನೆಲದ ಮೇಲೆ ಆಗಿದೆಯೇ ಎಂದು ಅಲ್ಲಿ ನೋಡಬಹುದು.

ನಡವಳಿಯ ನಕಲು, ಅಂದಾಜು ಪಟ್ಟಿ, ಬಿಲ್ಲು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. 30 ದಿನದೊಳಗೆ ಉತ್ತರ ಬರಬೇಕು. ಸಭೆಯೇ ನಡೆಯದಿದ್ದರೆ, ನಡೆಯದ ಸಭೆಯನ್ನು ನಡೆದಂತೆ ಬರೆದಿದ್ದರೆ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಆಮೇಲೆ ಹೊಸಪೇಟೆಯಲ್ಲಿರುವ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಬೇಕು. ಮೊಹರು ಹಾಕಿಸಿದ ಪ್ರತಿ ಅಲ್ಲಿ ನಿಮ್ಮ ಸಾಕ್ಷಿ.

ಇವೆಲ್ಲ ಹಳ್ಳಿಯ ಮಾತು. ಪಟ್ಟಣ ಪಂಚಾಯಿತಿ, ಪುರಸಭೆಗಳ ಎಲ್ಲೆಯೊಳಗೆ ತೋಟವಿರುವವರಿಗೆ ಗ್ರಾಮಸಭೆ ಇಲ್ಲ. ಅವು 1964ರ ಪುರಸಭೆಗಳ ಕಾಯಿದೆಗೆ ಸೇರಿದವು. ಅಲ್ಲಿ ತಮ್ಮ ವಾರ್ಡಿನ ಸದಸ್ಯರ ಮೂಲಕ ಮತ್ತು ಮುಖ್ಯಾಧಿಕಾರಿಗೆ ಲಿಖಿತ ಅರ್ಜಿಯ ಮೂಲಕ ಆಯವ್ಯಯಕ್ಕೆ ಮುಂಚೆ ವಿಷಯ ಮುಟ್ಟಿಸಬೇಕು.

ಸಭೆಯ ಮಾತಿಗೆ ಬೆಲೆ ಇದೆಯೇ?

"ನಾವು ಹೇಳಿದ್ದನ್ನು ಯಾರು ಕೇಳುತ್ತಾರೆ?" ಎಂಬುದು ಸಾಮಾನ್ಯ ಪ್ರಶ್ನೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೇ ಬೇಡವೇ ಎಂಬ ವಿಷಯದಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅರಣ್ಯ ಹಕ್ಕು ಕಾಯಿದೆಯ ಆಧಾರದಿಂದ ಪ್ರಶ್ನೆಯನ್ನು ಅಲ್ಲಿನ ಗ್ರಾಮಸಭೆಗಳ ಮುಂದಿಟ್ಟಿತು. 12 ಹಳ್ಳಿಗಳ ಸಭೆಗಳೂ ಬೇಡವೆಂದವು. ಗಣಿ ನಿಂತಿತು. ನಮ್ಮ ಮೋರಿ, ಕೆರೆಗಳು ಅಷ್ಟು ದೊಡ್ಡ ವಿಷಯವಲ್ಲ, ಅಲ್ಲಿನ ಕಾನೂನಿನ ಸಂದರ್ಭವೂ ಬೇರೆ. ಆದರೂ ಹಳ್ಳಿಯವರು ಕೂಡಿ ಕುಳಿತು, ಬರೆಸಿ, ಸಹಿ ಹಾಕಿದ ಮಾತಿಗೆ ತೂಕವಿದೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮೋರಿಯ ಕಥೆಯನ್ನೂ ಮುಗಿಸುತ್ತೇನೆ. ಮರು ವರ್ಷ ನೆರೆಹೊರೆಯ ಹದಿನಾಲ್ಕು ಮಂದಿ ಕೂಡಿ ವಾರ್ಡ್ ಸಭೆಗೆ ಹೋದೆವು. ಮೊದಲ ಸ್ಥಾನ ಕೇಳಿದೆವು. ಕೇರಿಯ ಹೆಣ್ಣುಮಕ್ಕಳು ಕುಡಿಯುವ ನೀರಿನ ಪೈಪು ಮೊದಲಾಗಲಿ ಎಂದರು. ಅವರ ಮಾತು ನ್ಯಾಯವಾಗಿತ್ತು. ನಾವು ಎರಡನೆಯ ಸ್ಥಾನಕ್ಕೆ ಒಪ್ಪಿದೆವು. ಆ ವರ್ಷ ಪೈಪು ಬಂತು, ಅದರ ಮರು ವರ್ಷ ಮೋರಿ ಆಯಿತು. ಎರಡು ಕೊಯ್ಲು ಕಾದೆವು ನಿಜ. ಆದರೆ ಮೋರಿ ಕಟ್ಟುವ ದಿನ ಕೇರಿಯ ಜನರೂ ಬಂದು ನಿಂತು ಕೆಲಸ ನೋಡಿದರು. ಸಿಮೆಂಟು ಕಡಿಮೆ ಹಾಕಲು ಯಾರಿಗೂ ಧೈರ್ಯವಾಗಲಿಲ್ಲ.

ಪ್ರತಿ ಊರಿನ ಸದಸ್ಯರು ತಮ್ಮಲ್ಲಿ ಇಬ್ಬರನ್ನು ಗೊತ್ತುಮಾಡಿಕೊಂಡು, ಪಂಚಾಯಿತಿಯ ಸೂಚನಾ ಫಲಕವನ್ನು ವಾರಕ್ಕೊಮ್ಮೆ ನೋಡಿ ಉಳಿದವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿಕೊಳ್ಳಲಿ. ಸಭೆಯ ದಿನ ಕೊಯ್ಲಿದ್ದರೆ ಮನೆಗೊಬ್ಬರಾದರೂ ಬರಲಿ. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಸಹಕಾರಿಗಳಾದ ನಮಗೆ ಯಾರೂ ಕಲಿಸಬೇಕಾಗಿಲ್ಲ.